ವಿಭೂತಿ ಹಚ್ಚಿದ ಡಬ್ಬಿ

ಓಡುತ್ತಿರುವ ಲಾರಿಯೊಳಗೆ ಕುಳಿತು ನಿಶ್ಶಬ್ದ ಕೇಳಿದ್ದೀರಾ?

ನಾನು ಕೇಳಿದೆ. ಹೋದ ತಿಂಗಳು. ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿನ ಕಡೆ ಬರುವಾಗ, ಕೋಗಳಿ ಆಸುಪಾಸಿನ ಒಂದು ಇಳಿಜಾರಿನಲ್ಲಿ. ಇಂಜಿನ್ ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು. ಮರುಕ್ಷಣ ಇಲ್ಲ. ಕೆಮ್ಮಲಿಲ್ಲ, ಜಗ್ಗಲಿಲ್ಲ, ಹೊಗೆ ಬಿಡಲಿಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತುಬಿಟ್ಟಿತು. ನಿಂತದ್ದು ಇಂಜಿನ್ ಮಾತ್ರ. ಲಾರಿ ಓಡುತ್ತಲೇ ಇತ್ತು. ಕಿಟಕಿಯಲ್ಲಿ ಗಾಳಿಯ ಸದ್ದು, ಹಿಂದೆ ನನ್ನ ಅಲ್ಮೇರಾದ ಬಾಗಿಲು ಬಡಿದುಕೊಳ್ಳುವ ಸದ್ದು, ಎರಡೇ.

(ಅಲ್ಮೇರಾ ಅಲ್ಲೇಕಿತ್ತು ಎಂದರೆ, ನನಗೆ ಹೂವಿನಹಡಗಲಿಯಿಂದ ಕೊಟ್ಟೂರಿನ ಕಾಲೇಜಿಗೆ ವರ್ಗವಾಗಿದೆ. ಹೆಂಡತಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ನಾನು ಸಾಮಾನಿನ ಜೊತೆ ಲಾರಿ ಹತ್ತಿದ್ದೆ. ಮನೆಯ ಯಜಮಾನ ಸಾಮಾನಿನ ಸಾಲಿಗೆ ಸೇರುವುದು ಇಂಥ ದಿನಗಳಲ್ಲೇ.)

ಲಾರಿ ಕೊಟ್ರೇಶನದು. ಅವನೇ ಮಾಲೀಕ, ಅವನೇ ಡ್ರೈವರ್. ನಾನೂ ಅವನೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ನಾನು ಮಾಸ್ತರನಾದ ಮೇಲೆ ಅವನು ನನ್ನ ಹೆಸರು ಹಿಡಿದು ಕರೆಯುವುದನ್ನು ಬಿಟ್ಟ, ‘ಲೇ’ ಅನ್ನುವುದನ್ನು ಮಾತ್ರ ಬಿಡಲಿಲ್ಲ. ಡೀಸೆಲ್ ಉಳಿಸಲು ನಮ್ಮ ಕಡೆಯ ಎಲ್ಲ ಡ್ರೈವರುಗಳ ಹಾಗೆ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಬಿಟ್ಟಿದ್ದ. ಈಗ ಇಂಜಿನ್ನೂ ಇಲ್ಲ, ಗೇರೂ ಇಲ್ಲ. ಸ್ಟೇರಿಂಗ್ ಕಲ್ಲಿನಷ್ಟು ಗಟ್ಟಿಯಾಯಿತು.

ಮುಂದೆ ತಿರುವು. ತಿರುವಿನಲ್ಲಿ ಕುರಿ ಹಿಂಡು. ಹಿಂಡಿನ ಹಿಂದೆ ಕಂಬಳಿ ಹೊದ್ದ ಕುರಿಗಾಹಿ, ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಾನೆ. ಇಂಜಿನ್ ಸದ್ದೇ ಇಲ್ಲದ ಲಾರಿ ಬರುತ್ತಿದೆ ಎಂದು ಅವನಿಗಾದರೂ ಹೇಗೆ ಗೊತ್ತಾಗಬೇಕು?

ಕೊಟ್ರೇಶ ಸೀಟಿನಿಂದ ಎದ್ದೇ ನಿಂತ. ಎರಡೂ ಕೈಯಲ್ಲಿ ಸ್ಟೇರಿಂಗ್ ತಬ್ಬಿ ಎಡಕ್ಕೆ ಎಳೆದ, ಬ್ರೇಕಿನ ಮೇಲೆ ಮೈಭಾರವೆಲ್ಲ ಬಿಟ್ಟ. ಲಾರಿ ರಸ್ತೆ ಬಿಟ್ಟು, ಸಣ್ಣ ದಿಬ್ಬ ಹಾರಿ, ಕೊಯ್ಲಾದ ಜೋಳದ ಹೊಲದಲ್ಲಿ ಕೂಳೆ ಮುರಿಯುತ್ತ ಹೋಗಿ ನಿಂತಿತು. ನಾನು ಡ್ಯಾಶ್‌ಬೋರ್ಡ್ ಹಿಡಿದವನು ಬಿಡಲೇ ಇಲ್ಲ.

ಕುರಿಗಾಹಿ ನಿಧಾನಕ್ಕೆ ಬಂದ. ಕುರಿಗಳನ್ನು ಒಮ್ಮೆ ನೋಡಿದ, ಲಾರಿಯನ್ನು ಒಮ್ಮೆ ನೋಡಿದ.

“ಯಣ್ಣಾ, ಹಾರನ್ನಾದ್ರೂ ಹೊಡಿಬಾರ್ದೇನು?” ಎಂದ.

ಕೊಟ್ರೇಶ ಮತ್ತೆ ಸೀಟಿಗೆ ಕುಳಿತ. ಚಾವಿ ಆರಿಸಿದ. ಮತ್ತೆ ತಿರುಗಿಸಿದ. ಇಂಜಿನ್ ಏನೂ ಆಗದ ಹಾಗೆ ಶುರುವಾಯಿತು. ಅವನು ಚಾವಿಯಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದ.

“ಲೇ ಮಾಸ್ತರ,” ಎಂದ. “ಅವ್ವಗ ಹೇಳಬ್ಯಾಡ.”

ಕೊಟ್ರೇಶನ ಅವ್ವ ಹಾಲಮ್ಮ. ಆಕೆಗೆ ಇಬ್ಬರು ಗಂಡುಮಕ್ಕಳು. ಇದ್ದರು. ದೊಡ್ಡವನು ಬಸಣ್ಣ ಮೊದಲು ಲಾರಿ ಹಿಡಿದವನು. ಒಂದು ಇಳಿಜಾರಿನಲ್ಲಿ ಅವನ ಗಾಡಿಯ ಬ್ರೇಕ್ ಹತ್ತಲಿಲ್ಲ. ಅಷ್ಟೇ. ಅದರಾಚೆ ನಾನು ಬರೆಯುವುದಿಲ್ಲ. ಆ ಮನೆಯಲ್ಲಿ ಅದರಾಚೆ ಯಾರೂ ಮಾತಾಡುವುದೂ ಇಲ್ಲ.

ಚಿಕ್ಕವನು ತಾನೂ ಸ್ಟೇರಿಂಗ್ ಹಿಡಿಯುತ್ತೇನೆ ಎಂದು ಹಟ ಹಿಡಿದಾಗ ಹಾಲಮ್ಮ ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಒಂದು, ಅಮಾವಾಸ್ಯೆಗೊಮ್ಮೆ ಗಾಡಿಗೆ ಆಕೆಯ ಕೈಯಿಂದಲೇ ಕಾಯಿ ಒಡೆಸಬೇಕು. ಎರಡು, ಗಾಡಿ ದಾರಿಯಲ್ಲಿ ಕೈಕೊಟ್ಟಿತು ಎಂಬ ಸುದ್ದಿ ಬಂದ ದಿನ ಚಾವಿ ಆಕೆಯ ಕೈಗೆ ಬರಬೇಕು. ಆಮೇಲೆ ಕೊಟ್ರೇಶ ಬೇರೆ ಏನು ಬೇಕಾದರೂ ಮಾಡಬಹುದು, ಲಾರಿ ಓಡಿಸುವಂತಿಲ್ಲ. ಕಾಯಿ ಮುಟ್ಟಿ ಆಣೆ ಮಾಡಿದ್ದಾನೆ.

ಕೊಟ್ರೇಶನಿಗೆ ಲಾರಿ ಓಡಿಸುವುದು ಬಿಟ್ಟು ಬೇರೇನೂ ಬಾರದು. ಬರಬೇಕೆಂಬ ಆಸೆಯೂ ಇಲ್ಲ. ನನಗೆ ಇದು ಗೊತ್ತು. ಹಾಗಾಗಿ ಜೋಳದ ಹೊಲದಲ್ಲಿ ನಿಂತು, “ಹೇಳಲ್ಲ ಬಿಡೋ” ಎಂದೆ. ಆ ಕ್ಷಣ ಬೇರೇನು ಹೇಳಬೇಕಿತ್ತು?

ನಾನು ಬಾಡಿಗೆಗೆ ಹಿಡಿದ ಮನೆ ಅವನ ಮನೆಯ ಎದುರಿಗೇ ಇದೆ. (ಇದು ಗೆಳೆತನದ ಲಾಭ ಎಂದುಕೊಂಡಿದ್ದೆ.) ಮರುದಿನ ಬೆಳಿಗ್ಗೆಯೇ ಲಾರಿ ಅಂಗಳದಲ್ಲಿ ನಿಂತಿತು, ಮೆಕ್ಯಾನಿಕ್ ಮಾಬುಸಾಬ ಬಂದ. ನಮ್ಮ ಕಡೆ ಮಾಬುಸಾಬನ ಹೆಸರು ಕೇಳದ ಡ್ರೈವರ್ ಇಲ್ಲ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಇಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತೇನೆ ಎನ್ನುವವನು. ಈ ಇಂಜಿನ್ ಮಾತ್ರ ಸತ್ತಾಗ ಸದ್ದನ್ನೇ ಮಾಡುತ್ತಿರಲಿಲ್ಲವಲ್ಲ, ಅಲ್ಲಿಗೆ ಅವನ ಅರ್ಧ ವಿದ್ಯೆ ಹೋಯಿತು.

“ಏರ್ ಹಿಡದೈತಿ,” ಎಂದ. ಡೀಸೆಲ್ ಫಿಲ್ಟರ್ ಬದಲಿಸಿದ. ಗಾಳಿ ತೆಗೆದ. ಗಾಡಿ ಎರಡು ದಿನ ಓಡಿತು, ಮೂರನೆಯ ದಿನ ಕೂಡ್ಲಿಗಿ ರಸ್ತೆಯಲ್ಲಿ ಸತ್ತಿತು.

“ಬ್ಯಾಟರಿ ಟರ್ಮಿನಲ್ ಸಡ್ಲ ಆಗೇತಿ,” ಎಂದ. ಬಿಗಿ ಮಾಡಿದ. ಹರಪನಹಳ್ಳಿ ಸಂತೆಗೆ ಹೋಗುವಾಗ ಊರ ಬಾಗಿಲಲ್ಲೇ ಸತ್ತಿತು.

“ಟ್ಯಾಂಕಿನಾಗ ಕಸ ಐತಿ,” ಎಂದ. ಟ್ಯಾಂಕ್ ಇಳಿಸಿ ತೊಳೆದ. ಅದಾದ ಮೇಲೆ ಗಾಡಿ ಅಂಗಳದಿಂದ ಹೊರಗೆ ಹೋಗುವಾಗಲೇ ಸತ್ತಿತು.

ಒಮ್ಮೆ ಸತ್ತರೆ ಚಾವಿ ಆರಿಸಿ ತಿರುಗಿಸಿದರೆ ಬದುಕುತ್ತದೆ. ಮತ್ತೆ ಯಾವಾಗ ಸಾಯುತ್ತದೆ ಗೊತ್ತಿಲ್ಲ. ಪೂರ್ತಿ ಕೆಟ್ಟ ಗಾಡಿಯ ಭಯ ಯಾರಿಗೂ ಇರುವುದಿಲ್ಲ, ಅದು ಓಡುವುದೇ ಇಲ್ಲವಲ್ಲ. ಒಮ್ಮೊಮ್ಮೆ ಕೆಡುವ ಗಾಡಿ ಇದೆಯಲ್ಲ, ಅದು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಕೊಟ್ರೇಶ ಊಟ ಬಿಟ್ಟ. ಅವ್ವನಿಗೆ ಮಾತ್ರ, “ಪಾಸಿಂಗ್ ಐತಬೇ, ಅದಕ್ಕ ರೆಡಿ ಮಾಡಾಕ ಹತ್ತೀವಿ” ಎಂದು ಹೇಳಿದ್ದ. ವರ್ಷಕ್ಕೊಮ್ಮೆ ಸರ್ಕಾರಿ ಕಚೇರಿಗೆ ಗಾಡಿ ಒಯ್ದು ತೋರಿಸುವುದಿದೆಯಲ್ಲ, ಅದು ಅವನಿಗೆ ನೆವವಾಯಿತು.

ಹಾಲಮ್ಮ ಒಂದು ಸಂಜೆ ನಮ್ಮ ಮನೆಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದಳು. ಕೊಟ್ಟು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಪಾಸಿಂಗ್ ಅಂದ್ರ ಡೀಸಲ್ ಟ್ಯಾಂಕ್ ಇಳಿಸ್ತಾರೇನ್ರಿ ಮಾಸ್ತರ?”

ರೊಟ್ಟಿ ನನ್ನ ಬಾಯಲ್ಲಿತ್ತು. ಪುಣ್ಯ. “ಹೂಂ” ಅನ್ನುವಂತೆ ತಲೆ ಆಡಿಸಿದೆ. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿ ಹೋದಳು.

ಕೊನೆಗೆ ಮಾಬುಸಾಬನೇ ಸೋತು, ದಾವಣಗೆರೆಯಿಂದ ಒಬ್ಬ ಎಲೆಕ್ಟ್ರಿಶಿಯನ್‌ನನ್ನು ಕರೆಸಿದ. ಲ್ಯಾಪ್‌ಟಾಪ್ ಹಿಡಿದು ಬಂದ ಆ ಮನುಷ್ಯನಿಗೆ ಮಾತು ಕಡಿಮೆ, ಬೇಸರ ಜಾಸ್ತಿ. ಬೈಕಿನಿಂದ ಇಳಿಯುತ್ತಲೇ ಒಂದೇ ಪ್ರಶ್ನೆ ಕೇಳಿದ.

“ಕಂಪ್ಯೂಟರ್ ಎಲ್ಲೈತಿ?”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಇಲ್ಲೊಂದು ವಿಷಯ ಹೇಳಬೇಕು. ಬಸಣ್ಣ ಓಡಿಸುತ್ತಿದ್ದುದು ಹಳೆಯ ಕಾಲದ ಲಾರಿ. ಅದರ ಇಂಜಿನ್ ಪೂರ್ತಿ ಕಬ್ಬಿಣ, ಸುತ್ತಿಗೆಗೆ ಬಗ್ಗುತ್ತಿತ್ತು. ಕೊಟ್ರೇಶ ಕೊಂಡದ್ದು ಎಲ್ಲೋ ದೊಡ್ಡ ಊರಿನಲ್ಲಿ ಇಬ್ಬರ ಕೈ ದಾಟಿ ಬಂದ ಗಾಡಿ. ಅದರ ಇಂಜಿನ್ನಿಗೆ ಒಂದು ಕಂಪ್ಯೂಟರ್ ಇದೆ. ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು ಎಲ್ಲ ಅದರ ಹುಕುಂ. ಅದು ಬಾಯಿ ಮುಚ್ಚಿದರೆ ಇಂಜಿನ್ನಿನ ಉಸಿರು ನಿಲ್ಲುತ್ತದೆ. ಇಂಥದ್ದೊಂದು ಇದೆ ಎಂದು ಕೊಟ್ರೇಶನಿಗೆ ಗೊತ್ತಿತ್ತು. ಮಾಬುಸಾಬನಿಗೂ ಗೊತ್ತಿತ್ತು. ಎಲ್ಲಿದೆ ಎಂದು ಇಬ್ಬರೂ ಯೋಚಿಸಿರಲಿಲ್ಲ. ಲೈಟು ಹತ್ತುವುದು ಡ್ಯಾಶ್‌ಬೋರ್ಡಿನಲ್ಲಿ, ಅದರ ಹಿಂದೆ ಎಲ್ಲೋ ಇರಬೇಕು ಎಂಬ ನಂಬಿಕೆ. (ನಮ್ಮ ಮನೆಯ ಫ್ರಿಜ್ಜಿನ ಮಿದುಳು ಎಲ್ಲಿದೆ ಎಂದು ನನಗೂ ಗೊತ್ತಿಲ್ಲ. ನಿಮಗೆ ಗೊತ್ತೇ?)

ದಾವಣಗೆರೆಯವನು ಲಾರಿಯ ಮುಖದ ಮೇಲಿನ ಮುಚ್ಚಳ ಎತ್ತಿದ. ಗಾಜಿನ ಕೆಳಗೆ, ಅಡ್ಡಕ್ಕೆ ಇರುತ್ತದಲ್ಲ, ಅದು. ಒಳಗೆ ಎಡಗಡೆ, ಟಿಫಿನ್ ಡಬ್ಬಿಯಷ್ಟಗಲದ ಒಂದು ಲೋಹದ ಪೆಟ್ಟಿಗೆ. ಅದರ ಮೇಲೆ ಮೂರೆಳೆ ವಿಭೂತಿ. ನಡುವೆ ಕುಂಕುಮ. ವಿಭೂತಿಯ ಮೇಲೆ ವಿಭೂತಿ, ಕುಂಕುಮದ ಮೇಲೆ ಕುಂಕುಮ, ಎಷ್ಟೋ ಅಮಾವಾಸ್ಯೆಗಳ ಪದರ. ಪಕ್ಕದ ವೈರಿಗೆ ಕಟ್ಟಿದ ಒಂದು ಸಣ್ಣ ಹಿತ್ತಾಳೆ ಗಂಟೆ.

“ಇದು ಏನು?” ಎಂದ.

“ಅದು ಅವ್ವನ ದೇವರು,” ಎಂದ ಕೊಟ್ರೇಶ.

“ಇದು ಕಂಪ್ಯೂಟರ್,” ಎಂದ ದಾವಣಗೆರೆಯವನು.

ಮಾಬುಸಾಬ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. “ನಾ ಮೂರು ಸಲ ಈ ಮುಚ್ಚಳ ತಗದೀನ್ರಿ ಮಾಸ್ತರ. ವಿಭೂತಿ ಕಂಡು, ಇವರ ಮನಿ ದೇವರು ಕುಂತಾನ, ನಾವು ಯಾಕ ಮುಟ್ಟಬೇಕು ಅಂತ ಬಿಟ್ಟೆ. ಸ್ಪ್ಯಾನರ್ ಸೈತ ಆ ಕಡಿ ಒಯ್ದಿಲ್ಲ.”

ನಗು ಬರುತ್ತದಲ್ಲವೇ? ನನಗೂ ಬಂತು. ಹಾಲಮ್ಮನಿಗೆ ಅದು ಏನೆಂದು ಗೊತ್ತಿಲ್ಲ, ಗುಡಿಯ ಹಾಗೆ ಕಂಡಿತು, ವಿಭೂತಿ ಹಚ್ಚಿದಳು. ಮಗ ಅದನ್ನು ಅವ್ವನ ಜಾಗ ಎಂದು ಬಿಟ್ಟ. ಮಾಬುಸಾಬ ಪರಧರ್ಮದ ದೇವರೆಂದು ಮರ್ಯಾದೆ ಕೊಟ್ಟ. ಮೂವರ ಭಕ್ತಿಯ ನಡುವೆ ಡಬ್ಬಿ ಆರಾಮಾಗಿ ಸಾಯುತ್ತಿತ್ತು.

ಆಮೇಲೆ ದಾವಣಗೆರೆಯವನು ಅದರ ವೈರಿನ ಸಾಕೆಟ್ ಎಳೆದ. ನಗು ಅಲ್ಲಿಗೆ ನಿಂತಿತು.

ಸಾಲುಸಾಲು ಪಿನ್ನುಗಳು ಪಾಚಿ ಹಿಡಿದ ಹಾಗೆ ಹಸಿರುಗಟ್ಟಿದ್ದವು. ಎರಡು ಪಿನ್ನು ಸಾಕೆಟ್ಟಿನ ಜೊತೆಗೇ ಮುರಿದು ಬಂದವು. ಡಬ್ಬಿಯ ಸ್ಕ್ರೂ ಬಿಚ್ಚಿದರೆ ಒಳಗಿನ ಸರ್ಕ್ಯೂಟ್ ಹಲಗೆಯ ತಾಮ್ರದ ಗೆರೆಗಳೂ ಅರ್ಧ ಹಸಿರುಗಟ್ಟಿದ್ದವು. ಅವನು ಮೂಗಿನ ಹತ್ತಿರ ಹಿಡಿದು ಮೂಸಿದ. ನಮಗೂ ಹಿಡಿದ. ಹುಳಿ, ಕಮಟು ವಾಸನೆ.

“ಇದಕ್ಕ ಏನು ಸುರೀತೀರಿ ನೀವು?”

ನಮ್ಮ ಕಡೆ ಅಮಾವಾಸ್ಯೆಯ ಬೆಳಿಗ್ಗೆ ಗಾಡಿಗೆ ಪೂಜೆ ಮಾಡದ ಮನೆ ಇಲ್ಲ. ಗಾಲಿಗೆ ನಿಂಬೆಹಣ್ಣು, ಮುಂದೆ ಕಾಯಿ. ಒಡೆದ ಕಾಯಿಯ ನೀರು ನೆಲಕ್ಕೆ ಚೆಲ್ಲುತ್ತಾರೆ, ಗಾಡಿಯ ಮುಖಕ್ಕೆ ಒಂದಿಷ್ಟು ಚಿಮುಕಿಸುತ್ತಾರೆ. ಹಾಲಮ್ಮ ಹಾಗಲ್ಲ. ಆಕೆ ಮುಚ್ಚಳ ಎತ್ತಿಸುತ್ತಾಳೆ. ಕಾಯಿ ನೀರು ಒಂದು ಹನಿ ವ್ಯರ್ಥವಾಗದ ಹಾಗೆ ಚೊಂಬಿನಲ್ಲಿ ಹಿಡಿದು ಒಳಗೆ ಹೊಯ್ಯುತ್ತಾಳೆ. “ದಾರಿ ತುಂಬ ದುಡಿಯೋ ಗಾಡಿ. ಅದರ ಹೊಟ್ಟಿಗೂ ತಂಪು ಬ್ಯಾಡೇನು?” ಎನ್ನುತ್ತಾಳೆ. ಬಸಣ್ಣನ ಲಾರಿಗೆ ಹಾಗೆ ಮಾಡಿರಲಿಲ್ಲವಂತೆ. ಅದಕ್ಕೇ ಹಾಗಾಯಿತು ಎಂದು ಆಕೆಯ ಲೆಕ್ಕ.

ಕೊಟ್ರೇಶ ಡಬ್ಬಿಯನ್ನೇ ನೋಡುತ್ತ ನಿಂತ. ನಾನು ಅವನನ್ನು ನೋಡಿದೆ. ಇಬ್ಬರಿಗೂ ಅದೇ ಇಳಿಜಾರು, ಅದೇ ಕುರಿ ಹಿಂಡು ಕಣ್ಣ ಮುಂದೆ ಬಂದಿರಬೇಕು. ಮಗ ಬದುಕಿರಲಿ ಎಂದು ಹೊಯ್ದ ನೀರು ಮಗನನ್ನು ಎಲ್ಲಿಗೆ ಒಯ್ದು ನಿಲ್ಲಿಸಿತ್ತು.

“ಇದು ಅವ್ವಗ ಗೊತ್ತಾದ್ರ ಆಕಿ ಉಳಿಯಂಗಿಲ್ಲ,” ಎಂದ. ಚಾವಿಯ ಮಾತು ಅವನು ಆಗ ಎತ್ತಲೇ ಇಲ್ಲ.

ಕಂಪ್ಯೂಟರ್ ಬದಲಿಸುವುದು ಬಲ್ಬ್ ಬದಲಿಸಿದ ಹಾಗಲ್ಲ ಎಂದು ನನಗೆ ಗೊತ್ತಾದದ್ದು ಆಗ. ಗಾಡಿ ಹಳೆಯದು, ಕಂಪನಿಯಲ್ಲಿ ಆ ಮಾಡೆಲ್‌ನ ಡಬ್ಬಿ ಸಿಗುವುದಿಲ್ಲ. ದಾವಣಗೆರೆಯವನು ಎಲ್ಲೋ ಹುಡುಕಿ ರಿಪೇರಿ ಮಾಡಿದ ಒಂದನ್ನು ತಂದ. ಅದನ್ನು ಹಾಗೇ ಸಿಕ್ಕಿಸಿದರೆ ಆಗದು. ಹಳೆಯ ಡಬ್ಬಿಯಲ್ಲಿದ್ದ ಈ ಇಂಜಿನ್ನಿನ ಲೆಕ್ಕಾಚಾರವನ್ನೆಲ್ಲ ತೆಗೆದು ಹೊಸದಕ್ಕೆ ಬರೆಯಬೇಕು. ಸಾಯುತ್ತಿರುವ ಡಬ್ಬಿ ಅಷ್ಟು ಹೊತ್ತು ಬಾಯಿ ಬಿಡಬೇಕು. ಬಿಡದಿದ್ದರೆ?

“ಬಿಡದಿದ್ರ ಗಾಡಿ ಗುಜರಿಗೆ,” ಎಂದ ದಾವಣಗೆರೆಯವನು. ಅವನಿಗೆ ನಯವಾಗಿ ಹೇಳುವುದು ಗೊತ್ತೇ ಇಲ್ಲ.

ಡಬ್ಬಿ ಬದಲಿಸುವ ದಿನ ಹಾಲಮ್ಮ ತಂಬ್ರಹಳ್ಳಿಯ ತವರಿಗೆ ಹೋಗಿದ್ದಳು. (ಹೋಗುವಂತೆ ನಾವೇ ಮಾಡಿದ್ದೆವು. ಆಕೆಯ ತಮ್ಮನಿಗೆ ಮೈ ಸರಿ ಇಲ್ಲವಂತೆ ಎಂದು ಕೊಟ್ರೇಶ ಹೇಳಿದ್ದ. ಒಂದು ಸುಳ್ಳಿಗೆ ಕಾವಲು ಇನ್ನೊಂದು ಸುಳ್ಳು.) ಹಳೆಯ ಡಬ್ಬಿಯ ಮುರಿದ ಪಿನ್ನಿಗೆ ಕೂದಲೆಳೆಯಂಥ ತಂತಿ ಬೆಸೆದು, ಲ್ಯಾಪ್‌ಟಾಪಿಗೆ ಜೋಡಿಸಿ, ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಅರ್ಧಕ್ಕೆ ಬಂದು ನಿಂತಿತು.

ಮಾಬುಸಾಬನ ತುಟಿ ಅಲ್ಲಾಡುತ್ತಿತ್ತು. ಕೊಟ್ರೇಶ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗಿಯ ಹೊರಗಿಂದಲೇ ಹಿಡಿದಿದ್ದ. ನಾನು ಏನು ಹಿಡಿಯಬೇಕೋ ತಿಳಿಯದೆ ಕರೆಂಟ್ ಹೋಗದಿರಲಿ ಎಂದುಕೊಂಡೆ. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಪ್ರಾರ್ಥನೆ ಇಲ್ಲ.

ಗೆರೆ ಮತ್ತೆ ತೆವಳಿತು.

ಹೊಸ ಡಬ್ಬಿ ಕೂಡಿಸಿ ಚಾವಿ ತಿರುಗಿಸಿದರೆ ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ದಾವಣಗೆರೆಯವನು ಬ್ಯಾಟರಿ ಕಳಚಿ, ಬೀಡಿ ಹಚ್ಚಿ, ಪೂರ್ತಿ ಸೇದಿ, ಮತ್ತೆ ಜೋಡಿಸಿದ. ಮೂರನೆಯ ಸಲ ಇಂಜಿನ್ ಎದ್ದಿತು. ಏಳುವುದು ಮುಖ್ಯವಲ್ಲ, ಅದು ಮೊದಲೂ ಏಳುತ್ತಿತ್ತು. ಮಾಬುಸಾಬ ವೈರುಗಳನ್ನು ಹಿಡಿದು ಅಲುಗಿಸಿದ, ಮುಚ್ಚಳಕ್ಕೆ ಗುದ್ದಿದ. ಇಂಜಿನ್ ಸಾಯಲಿಲ್ಲ. ಆ ದಿನ ಕೊಟ್ರೇಶ ಹಡಗಲಿಯ ತನಕ ಹೋಗಿ ಬಂದ. ಇಳಿಜಾರಿನಲ್ಲಿ ಗೇರು ಬಿಡಲಿಲ್ಲವಂತೆ.

ಹೊರಡುವಾಗ ದಾವಣಗೆರೆಯವನು ಒಂದೇ ಮಾತು ಹೇಳಿದ. “ಇನ್ನೊಂದು ಕಾಯಿ ನೀರು ಇದರ ಮ್ಯಾಲ ಬಿದ್ರ ನನಗ ಫೋನ್ ಮಾಡಬ್ಯಾಡ್ರಿ.”

ಅಮಾವಾಸ್ಯೆಗೆ ಎರಡೇ ದಿನವಿತ್ತು.

ನಾವು ಮೂವರು ಕುಳಿತು ಮಸಲತ್ತು ಮಾಡಿದೆವು. ಹೇಳಿಬಿಡೋಣ ಎಂದು ಒಬ್ಬನಾದರೂ ಅಂದನೇ? ಇಲ್ಲ. ಮುಚ್ಚಳಕ್ಕೆ ಬೋಲ್ಟ್ ಬಿಗಿಯುವುದು, ತೆಗೆಯಲು ಬರುವುದಿಲ್ಲ ಎನ್ನುವುದು, ಹೊರಗಿನಿಂದಲೇ ಪೂಜೆ ಮಾಡಿಸುವುದು. ಹಳೆಯ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿದೆವು. ವಿಭೂತಿ ಹಚ್ಚಿದ್ದನ್ನು ಕಸಕ್ಕೆ ಎಸೆಯಲು ಯಾರಿಗೂ ಕೈ ಬರಲಿಲ್ಲ. ಮಾಬುಸಾಬನಿಗಂತೂ ಬರಲೇ ಇಲ್ಲ.

ಹಿಂದಿನ ಸಂಜೆಯೇ ತವರಿನಿಂದ ಮರಳಿದ್ದ ಹಾಲಮ್ಮ ಅಮಾವಾಸ್ಯೆ ಬೆಳಿಗ್ಗೆ ಮಿಂದು, ತಟ್ಟೆ ಹಿಡಿದು ಅಂಗಳಕ್ಕೆ ಬಂದಳು. ನಾನು ಎದುರು ಮನೆಯಿಂದ ಬಂದೆ. ಮಾಬುಸಾಬ ‘ಸುಮ್ಮನೆ ಹಾದಿ ಹಿಡಿದು ಹೊರಟಿದ್ದವನ’ ಹಾಗೆ ಬಂದ. ಆಕೆ ಗಾಲಿಗೆ ನಿಂಬೆಹಣ್ಣು ಇಟ್ಟಳು, ಊದಿನಕಡ್ಡಿ ಹಚ್ಚಿದಳು.

“ಮುಚ್ಚಳ ಎತ್ತಪಾ,” ಎಂದಳು.

“ಬೋಲ್ಟ್ ಬಿಗದಾರಬೇ. ತಗಿಯಾಕ ಬರಂಗಿಲ್ಲ.”

“ಯಾಕ ಬಿಗದಾರ?”

“ಪಾಸಿಂಗಿನವ್ರು ಹೇಳ್ಯಾರ.”

ಹಾಲಮ್ಮ ನನ್ನ ಕಡೆ ತಿರುಗಿದಳು. “ನೀವು ಓದಿದವ್ರು. ನೀವು ಹೇಳ್ರಿ ಮಾಸ್ತರ. ಗಾಡಿಗೆ ಏನಾಗೇತಿ?”

ಈ ಸಲ ಬಾಯಲ್ಲಿ ರೊಟ್ಟಿಯೂ ಇರಲಿಲ್ಲ. ಕೊಟ್ರೇಶ ನನ್ನನ್ನು ನೋಡುತ್ತಿದ್ದ. “ಅಮ್ಮಾ, ಬಿಸಿಲೇರತೈತಿ, ಪೂಜಿ ಮುಗಸ್ರಿ,” ಎಂದೆ.

ಆಕೆ ಪೂಜೆ ಮುಗಿಸಲಿಲ್ಲ. ತಟ್ಟೆ ಕೆಳಗಿಟ್ಟಳು. ಕ್ಯಾಬಿನ್ನಿನ ಬಾಗಿಲು ತೆಗೆದು, ಸೀಟಿನ ಕೆಳಗೆ ಕೈ ಹಾಕಿ ಟವೆಲಿನ ಗಂಟು ಎಳೆದಳು. ಪೂಜೆಯ ದಿನ ಗಾಡಿಯ ಒಳಗೆಲ್ಲ ಕಸ ಗುಡಿಸಿ ಒರೆಸುವವಳು ಆಕೆಯೇ. ಅದನ್ನು ನಾವು ಮೂವರೂ ಮರೆತಿದ್ದೆವು. ಗಂಟು ಬಿಚ್ಚಿ ಡಬ್ಬಿಯನ್ನು ತಟ್ಟೆಯ ಮೇಲೆ, ಕಾಯಿಯ ಪಕ್ಕ ಇಟ್ಟಳು.

“ನಾ ವಿಭೂತಿ ಹಚ್ಚಿದ್ದಿದು. ಇದನ್ನ ಬಿಚ್ಚಿ ಯಾಕ ಮುಚ್ಚಿಟ್ಟೀರಿ?”

ಆಕೆ ಉಗುರಿನಿಂದ ಒಂದು ಪಿನ್ನನ್ನು ಕೆರೆದು, ಉಗುರಿಗೆ ಹತ್ತಿದ ಹಸಿರನ್ನು ನೋಡಿದಳು.

“ತಾಮ್ರದ ಚೊಂಬಿನಾಗ ಮಜ್ಜಿಗಿ ಇಟ್ರ ಹಿಂಗ ಹಸರ ಕಟ್ಟತೈತಿ. ನನ್ನ ಕಾಯಿ ನೀರು ಇದರಾಗ ಇಳದೈತಿ. ಹೌದಲ್ಲ?”

“ಹೌದವ್ವ,” ಎಂದ ಮಾಬುಸಾಬ. ಮೂವರಲ್ಲಿ ಮೊದಲು ಬಾಯಿ ಬಿಟ್ಟವನು ಅವನೇ.

“ದಾರ್ಯಾಗ ನಿಂತಿತ್ತೇನು?”

“ನಿಂತಿತ್ತು,” ಎಂದ ಕೊಟ್ರೇಶ.

“ಎಲ್ಲಿ?”

“ಕೋಗಳಿ ಹತ್ರ. ಇಳಿಜಾರಿನಾಗ.”

ಆಕೆ ಕಣ್ಣು ಮುಚ್ಚಿದಳು. ಊದಿನಕಡ್ಡಿಯ ಬೂದಿ ತುದಿಯಲ್ಲೇ ಬಾಗಿ ನಿಂತಿತ್ತು. ನನಗೆ ಆಕೆ ಬಿದ್ದೇಬಿಡುತ್ತಾಳೆ ಅನ್ನಿಸಿ ಒಂದು ಹೆಜ್ಜೆ ಮುಂದೆ ಹೋದೆ. ಆಕೆ ಬೀಳಲಿಲ್ಲ. ಕಣ್ಣು ತೆರೆದು ಮಗನ ಮುಂದೆ ಅಂಗೈ ಚಾಚಿದಳು.

ಕೊಟ್ರೇಶ ಜೇಬಿನಿಂದ ಚಾವಿ ತೆಗೆದು ಆ ಅಂಗೈಯಲ್ಲಿಟ್ಟ. ಕಾಯಿ ಮುಟ್ಟಿ ಆಣೆ ಮಾಡಿದವನಲ್ಲವೇ. ಅವನ ಮುಖ ನೋಡಲಾಗದೆ ನಾನು ಲಾರಿಯ ನಂಬರ್ ಪ್ಲೇಟ್ ನೋಡುತ್ತ ನಿಂತೆ.

ಹಾಲಮ್ಮ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕಾಯಿ ತೆಗೆದುಕೊಂಡು ಲಾರಿಯಿಂದ ದೂರ, ಅಂಗಳದ ಅಂಚಿನ ಬಟ್ಟೆ ಒಗೆಯುವ ಕಲ್ಲಿನ ತನಕ ನಡೆದಳು. ಅಲ್ಲಿ ಒಡೆದಳು. ಎಂದಿನಂತೆ ಒಂದು ಹನಿಯೂ ಚೆಲ್ಲದ ಹಾಗೆ ಚೊಂಬಿನಲ್ಲಿ ನೀರು ಹಿಡಿದಳು. ವಾಪಸು ಬಂದು, ಲಾರಿಯನ್ನು ದಾಟಿ, ಮಗನ ಮುಂದೆ ನಿಂತಳು.

“ಕುಡಿ.”

ಅವನು ಚೊಂಬು ಇಸಿದುಕೊಂಡ.

“ಪೂರ್ತಿ ಕುಡಿ. ಇಷ್ಟು ವರ್ಷ ಗಾಡಿಗೆ ಕುಡಿಸಿದೆ. ಊಟ ಬಿಟ್ಟು ಒಣಗಾಕ ಹತ್ತಿದಾವ ನೀನು.”

ಅವನು ಕುಡಿದ. ಕುಡಿಯುತ್ತಲೇ ಅತ್ತ. ನಲವತ್ತರ ಹತ್ತಿರದ ಗಂಡಸು ಅಂಗಳದಲ್ಲಿ ನಿಂತು ಕಾಯಿ ನೀರು ಕುಡಿಯುತ್ತ ಅಳುವುದನ್ನು ನೋಡಿದರೆ ಎಂಥವನಿಗೂ ಕಣ್ಣು ಒದ್ದೆಯಾಗುತ್ತದೆ. ನನಗೂ ಆಯಿತು, ಹೇಳಲು ನಾಚಿಕೆ ಏನು?

ಆಕೆ ಸೆರಗಿನ ಗಂಟು ಬಿಚ್ಚಿ ಚಾವಿಯನ್ನು ಮತ್ತೆ ಅವನ ಕೈಗಿಟ್ಟಳು.

“ಗಾಡಿ ನಿಂತದ್ದಕ್ಕ ಚಾವಿ ಕೇಳಂಗಿಲ್ಲ ಇನ್ನ. ಅದು ನನ್ನ ಕೈಲೆ ಕೆಟ್ಟದ್ದು. ಇನ್ನ ಮ್ಯಾಲ ಗಾಡಿ ಎಲ್ಲಿ ನಿಂತ್ರೂ ಮೊದಲ ನನಗ ಹೇಳಬೇಕು. ಸುಳ್ಳು ಹೇಳಿದ ದಿನ ಚಾವಿ ನಂದು.” ಆಮೇಲೆ ನನ್ನ ಕಡೆ ನೋಡಿ, “ನಿಮಗೂ ಅಷ್ಟ ಮಾಸ್ತರ. ರೊಟ್ಟಿ ಬಂದ್,” ಎಂದಳು.

ಹಳೆಯ ಡಬ್ಬಿ ಈಗ ಮಾಬುಸಾಬನ ಗ್ಯಾರೇಜಿನಲ್ಲಿದೆ. ವಿಭೂತಿ ಒರೆಸಿಲ್ಲ. ಹೊಸ ಮಾದರಿಯ ಗಾಡಿ ತರುವವರಿಗೆಲ್ಲ ತೋರಿಸಿ, “ಮೊದಲ ನಿಮ್ಮ ದೇವರು ಎಲ್ಲಿ ಕುಂತಾನ ಹೇಳ್ರಿ, ಆಮ್ಯಾಲ ಕೆಲಸ” ಎನ್ನುತ್ತಾನೆ.

ಅವತ್ತಿನಿಂದ ನಾನು ಮನೆಯಲ್ಲಿ ಯಾರಿಂದ ಏನೇನು ಮುಚ್ಚಿಟ್ಟಿದ್ದೇನೆ ಎಂದು ಯೋಚಿಸುತ್ತಿದ್ದೇನೆ. ಬಿ.ಪಿ. ಇರುವ ಅತ್ತೆಗೆ ಹೇಳದ ಸುದ್ದಿ. ಪರೀಕ್ಷೆ ಇರುವ ಮಗಳಿಗೆ ಹೇಳದ ಸುದ್ದಿ. ಎಲ್ಲ ಅವರ ಒಳ್ಳೆಯದಕ್ಕೇ, ತಂಪಿಗೇ. ಹಾಲಮ್ಮ ಹೊಯ್ದದ್ದೂ ತಂಪಿಗೇ. ನಾವು ಮೂವರು ಹೇಳಿದ ಸುಳ್ಳುಗಳೂ ತಂಪಿಗೇ. ಯಾವುದು ಯಾವ ಪಿನ್ನಿಗೆ ಇಳಿದು ಹಸಿರು ಕಟ್ಟುತ್ತಿದೆಯೋ, ಮುಚ್ಚಳ ಎತ್ತಿ ನೋಡಿದವರು ಯಾರು?

ಹೆತ್ತ ಮಗನ ಹೆಣ ಕಂಡೂ ಎದ್ದು ನಿಂತವಳು ಒಂದು ಡಬ್ಬಿಯ ಸತ್ಯ ತಡೆದುಕೊಳ್ಳಲಾರಳು ಎಂದು ಮೂವರು ಗಂಡಸರು ಕೂತು ತೀರ್ಮಾನಿಸಿದೆವಲ್ಲ, ನಿಜಕ್ಕೂ ತಡೆದುಕೊಳ್ಳಲಾರದೆ ಇದ್ದವರು ಯಾರು?